ಕಾವಲು ಮತ್ತು ಕಾಪು

ಕನ್ನಡದಲ್ಲಿ 'ಕಾಯ್' ಎಂಬುದೊಂದು ಹಳೆಯ ಧಾತು. ರಾತ್ರಿಯೆಲ್ಲ ಹೊಲದಲ್ಲಿ ಕುಳಿತ ರೈತನೂ ಕಾಯುತ್ತಾನೆ; ಜ್ವರ ಬಂದ ಮಗುವಿನ ಮಗ್ಗುಲಲ್ಲಿ ಎಚ್ಚರವಿದ್ದ ತಾಯಿಯೂ ಕಾಯುತ್ತಾಳೆ. 'ಕಾವಲು' ಎಂಬ ಮಾತೂ 'ಕಾಪಾಡು' ಎಂಬ ಮಾತೂ ಈ ಒಂದೇ ಬೇರಿನಿಂದ ಚಿಗುರಿದವು. 'ಆರಯ್' ಎಂಬ ಇನ್ನೊಂದು ಧಾತುವಿನ ಕಥೆಯೂ ಇಂಥದೇ. ಹಳಗನ್ನಡದಲ್ಲಿ ಅದಕ್ಕೆ ಪರೀಕ್ಷಿಸಿ ನೋಡು ಎಂಬ ಅರ್ಥವುಂಟು, ಉಪಚರಿಸು ಎಂಬ ಅರ್ಥವೂ ಉಂಟು. ಇಂದಿನ 'ಆರೈಕೆ'ಯಲ್ಲಿ ಎರಡನೆಯ ಅರ್ಥ ಮಾತ್ರ ಉಳಿದುಕೊಂಡಿದೆ.

ನಮ್ಮ ಹಿರಿಯರ ಭಾಷೆ ಹೀಗೆ ಒಟ್ಟಾಗಿ ಕಂಡ ಎರಡು ಕೆಲಸಗಳನ್ನು ಆಧುನಿಕ ಕಾಲದ ಒಂದು ಸಂಸ್ಥೆ ಬೇರೆಬೇರೆಯಾಗಿ ಒಡೆದಿಟ್ಟಿತು. ಆ ಸಂಸ್ಥೆಯೇ ಸೆರೆಮನೆ. ಕೈದಿಯೊಬ್ಬನು ಇನ್ನೊಬ್ಬ ಕೈದಿಯನ್ನು ಕಾವಲು ಕಾಯಬಹುದೆಂದು ಅದು ಬಹು ಹಿಂದೆಯೇ ಒಪ್ಪಿತು. ಆದರೆ ಕೈದಿಯೊಬ್ಬನು ಇನ್ನೊಬ್ಬ ಕೈದಿಯನ್ನು ಕಾಪಾಡಬಲ್ಲನು, ರೋಗಿಗೆ ಉಣ್ಣಿಸಬಲ್ಲನು, ಕುರುಡನ ಕೈಹಿಡಿದು ನಡೆಸಬಲ್ಲನು, ಬುದ್ಧಿ ಮಸುಕಾದ ಮುದುಕನ ಮೈ ತೊಳೆಯಬಲ್ಲನು ಎಂಬುದನ್ನು ವ್ಯವಸ್ಥೆಯಾಗಿ ಒಪ್ಪಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು. ಆ ಕಾಲದ ಕಥೆಯನ್ನು ಸ್ಥೂಲವಾಗಿ ಹೇಳುವುದು ಈ ಭಾಷಣದ ಉದ್ದೇಶ.

ಮೊದಲು ಕಾವಲಿನ ಕಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಭಾರತದ ಕೈದಿಗಳನ್ನು ಸಮುದ್ರದಾಚೆಯ ಪಿನಾಂಗ್, ಮಲಕ್ಕ, ಸಿಂಗಪುರಗಳಿಗೆ ಸಾಗಿಸುತ್ತಿದ್ದರು. ಸಿಂಗಪುರಕ್ಕೆ ಮೊದಲ ತಂಡ ಹೋದದ್ದು 1825ರಲ್ಲಿ. ಅಲ್ಲಿನ ರಸ್ತೆಗಳೂ ಕಟ್ಟಡಗಳೂ, ಪ್ರಸಿದ್ಧವಾದ ಸೇಂಟ್ ಆಂಡ್ರೂಸ್ ಇಗರ್ಜಿಯೂ ಈ ಕೈದಿಗಳ ದುಡಿಮೆಯಿಂದ ಎದ್ದವು. ಅಷ್ಟು ಮಂದಿಯನ್ನು ಕಾಯಲು ಸಂಬಳದ ಸಿಪಾಯಿಗಳನ್ನು ಇಡುವುದು ದುಬಾರಿ. ಆದ್ದರಿಂದ ಕೈದಿಗಳಲ್ಲಿಯೇ ನಡತೆ ಚೆನ್ನಾಗಿದ್ದವರನ್ನು ಆರಿಸಿ ಉಳಿದವರ ಮೇಲೆ ಮೇಸ್ತ್ರಿಗಳನ್ನಾಗಿ ನೇಮಿಸಿದರು. ಅಲ್ಲಿ ಅಧಿಕಾರಿಯಾಗಿದ್ದ ಮೆಕ್‌ನೇರ್ ಎಂಬಾತ 1899ರಲ್ಲಿ ಈ ಪದ್ಧತಿಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ. 'ಕೈದಿಗಳೇ ತಮ್ಮ ಕಾವಲುಗಾರರು' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಹೆಸರಿನಲ್ಲಿಯೇ ಅವನ ಹೆಮ್ಮೆ ಕಾಣುತ್ತದೆ.

ಭಾರತದ ಒಳಗೂ ಇದೇ ಪದ್ಧತಿ ಬೇರೂರಿತು. 1894ರ ಕಾರಾಗೃಹ ಕಾಯಿದೆಯ 23ನೆಯ ಕಲಮು, ಜೈಲಿನ ಅಧಿಕಾರಿಗಳಾಗಿ ನೇಮಕಗೊಂಡ ಕೈದಿಗಳನ್ನು ಸಾರ್ವಜನಿಕ ನೌಕರರೆಂದೇ ಭಾವಿಸತಕ್ಕದ್ದು ಎಂದು ವಿಧಿಸಿತು. ರಾತ್ರಿ ಕಾವಲಿನವ, ಮೇಲ್ವಿಚಾರಕ, ವಾರ್ಡರ್ ಎಂದು ಮೆಟ್ಟಿಲುಗಳಿದ್ದವು. ಒಂದೊಂದು ಮೆಟ್ಟಿಲು ಏರಿದಂತೆ ಶಿಕ್ಷೆಯಲ್ಲಿ ರಿಯಾಯಿತಿ, ಉಡುಪಿನಲ್ಲಿ ಬದಲಾವಣೆ, ಉಳಿದವರ ಮೇಲೆ ಹೆಚ್ಚಿನ ಹಿಡಿತ. ಅಂಡಮಾನಿನ ಸೆಲ್ಯುಲರ್ ಜೈಲಿನ ರಾಜಕೀಯ ಕೈದಿಗಳ ಆತ್ಮಕಥನಗಳನ್ನು ಓದಿದವರಿಗೆ 'ಪೆಟ್ಟಿ ಅಫ್ಸರ್', 'ಟಿಂಡಾಲ್' ಎಂಬ ಹೆಸರುಗಳು ಗೊತ್ತಿರುತ್ತವೆ. ಅವರೂ ಕೈದಿಗಳೇ. ಎಣ್ಣೆಯ ಗಾಣಕ್ಕೆ ಕಟ್ಟಿದ ಸಹಬಂದಿಯ ಬೆನ್ನ ಹಿಂದೆ ಕೋಲು ಹಿಡಿದು ನಿಲ್ಲುವುದು ಅವರ ಉದ್ಯೋಗವಾಗಿತ್ತು.

ಇದು ಇಂಗ್ಲಿಷರ ವಸಾಹತುಗಳಿಗೆ ಮಾತ್ರ ಅಂಟಿದ ದೋಷವೆಂದು ತಿಳಿಯಬಾರದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಜೈಲುಗಳಲ್ಲಿ ಇಪ್ಪತ್ತನೆಯ ಶತಮಾನದ ಎಂಟನೆಯ ದಶಕದವರೆಗೂ ಬಲಿಷ್ಠ ಕೈದಿಗಳಿಗೆ ಉಳಿದವರನ್ನು ಅಂಕೆಯಲ್ಲಿಡುವ ಕೆಲಸವನ್ನು ಒಪ್ಪಿಸಲಾಗಿತ್ತು. ಡೇವಿಡ್ ರೂಯಿಸ್ ಎಂಬ ಕೈದಿ 1972ರಲ್ಲಿ ತನ್ನ ಕೈಬರಹದಲ್ಲಿಯೇ ನ್ಯಾಯಾಲಯಕ್ಕೆ ಒಂದು ಅರ್ಜಿ ಬರೆದ. 1980ರಲ್ಲಿ ನ್ಯಾಯಾಧೀಶ ವಿಲಿಯಂ ವೇನ್ ಜಸ್ಟಿಸ್ ಅವರು ಕೊಟ್ಟ ತೀರ್ಪಿನಲ್ಲಿ ಈ ಪದ್ಧತಿಯ ಕ್ರೌರ್ಯ ಬಯಲಾಯಿತು. ಮುಂದೆ ಅದು ರದ್ದಾಯಿತು. ವಿಶ್ವಸಂಸ್ಥೆಯು ಈ ಅನುಭವವನ್ನೆಲ್ಲ ಮೊದಲೇ ಗಮನಿಸಿತ್ತು. 1955ರಲ್ಲಿ ರೂಪಿಸಿ 2015ರಲ್ಲಿ ಪರಿಷ್ಕರಿಸಿದ ಕನಿಷ್ಠ ನಿಯಮಾವಳಿಯಲ್ಲಿ, ಯಾವ ಕೈದಿಯನ್ನೂ ಶಿಸ್ತು ವಿಧಿಸುವ ಕೆಲಸಕ್ಕೆ ನೇಮಿಸಕೂಡದೆಂಬ ಮಾತು ಸ್ಪಷ್ಟವಾಗಿದೆ. ಪರಿಷ್ಕೃತ ನಿಯಮಾವಳಿಗೆ ನೆಲ್ಸನ್ ಮಂಡೇಲ ಅವರ ಹೆಸರಿದೆ. ಆ ಹೆಸರಿಗೆ ಮತ್ತೆ ಬರುತ್ತೇನೆ.

ಇರಲಿ. ಕೈದಿಯ ಕೈಗೆ ಕೋಲು ಕೊಟ್ಟದ್ದರ ದಾಖಲೆ ಕಾಯಿದೆಗಳಲ್ಲಿಯೂ ವರದಿಗಳಲ್ಲಿಯೂ ಧಾರಾಳವಾಗಿ ಸಿಗುತ್ತದೆ. ಕೈದಿ ಕೈದಿಗೆ ಗಂಜಿಯ ಬಟ್ಟಲು ಹಿಡಿದದ್ದನ್ನು ಎಲ್ಲಿ ಹುಡುಕಬೇಕು? ನಾನು ಸಾಹಿತ್ಯದ ಅಧ್ಯಾಪಕನಾಗಿದ್ದವನು. ನನಗೆ ಅದು ಸಿಕ್ಕಿದ್ದು ಹೆಚ್ಚಾಗಿ ಕಾಗದಪತ್ರಗಳಲ್ಲಿ, ದಿನಚರಿಗಳಲ್ಲಿ, ನೆನಪಿನ ಬರಹಗಳಲ್ಲಿ.

ಗಾಂಧೀಜಿಯವರ ಯರವಡಾ ವಾಸದ ಎರಡು ಪ್ರಸಂಗಗಳನ್ನು ನೋಡೋಣ. 1922ರಿಂದ 1924ರವರೆಗಿನ ಮೊದಲ ವಾಸಕ್ಕೆ ಸೇರಿದ ಒಂದು ಪ್ರಸಂಗವನ್ನು ಕಾಕಾ ಕಾಲೇಲಕರರು ಹೇಳಿದ್ದಾರೆ. ಗಾಂಧೀಜಿಯ ಮೇಲೆ ನಿಗಾ ಇಡುವುದಕ್ಕೆ ಆಫ್ರಿಕಾದ ಒಬ್ಬ ಕೈದಿಯನ್ನು ನೇಮಿಸಿದ್ದರಂತೆ. ಭಾಷೆ ತಿಳಿಯದವನಾದರೆ ಇವರ ಮಾತಿಗೆ ಮರುಳಾಗನೆಂಬ ಲೆಕ್ಕಾಚಾರ. ಒಂದು ದಿನ ಅವನಿಗೆ ಚೇಳು ಕುಟುಕಿತು. ಗಾಂಧೀಜಿ ಕುಟುಕಿದ ಜಾಗವನ್ನು ತೊಳೆದು, ಬಾಯಿಟ್ಟು ವಿಷವನ್ನು ಹೀರಿ ಉಗುಳಿ, ಅವನನ್ನು ಉಪಚರಿಸಿದರು. ಅಲ್ಲಿಂದ ಮುಂದೆ ಆ ಕಾವಲುಗಾರ ಅವರ ಆಪ್ತನಾದ. ಕಾವಲು ಕಾಯಲು ಬಂದವನನ್ನು ಕಾವಲಿನಲ್ಲಿದ್ದವನೇ ಕಾಪಾಡಿದ. ಸರ್ಕಾರ ಹಾಕಿದ ಲೆಕ್ಕದಲ್ಲಿ ಇದಕ್ಕೆ ಎಡೆಯಿರಲಿಲ್ಲ.

ಎರಡನೆಯದು 1932ರದು. ಪರ್ಚುರೆ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಸತ್ಯಾಗ್ರಹದಲ್ಲಿ ಸೆರೆಯಾಗಿ ಯರವಡಾದಲ್ಲಿದ್ದರು. ಅವರಿಗೆ ಕುಷ್ಠರೋಗ. ಜೈಲಿನಲ್ಲಿ ಅವರನ್ನು ಬೇರೆಯಾಗಿ ಇರಿಸಿದ್ದರು. ಅದೇ ಗೋಡೆಗಳ ನಡುವೆ ಗಾಂಧೀಜಿಯೂ ಬಂದಿ. ರೋಗಿಯ ಶುಶ್ರೂಷೆಯೆಂದರೆ ಗಾಂಧೀಜಿಗೆ ಎಳವೆಯಿಂದ ಬಂದ ಒಲವು. ಆದರೆ ಇಲ್ಲಿ ಅವರಿಂದ ಆದದ್ದು ಪತ್ರ ಬರೆಯುವುದು ಮಾತ್ರ. ಶಾಸ್ತ್ರಿಗಳು 1939ರಲ್ಲಿ ಸೇವಾಗ್ರಾಮಕ್ಕೆ ಬಂದಾಗ ಗಾಂಧೀಜಿ ತಮ್ಮ ಕುಟೀರದ ಹತ್ತಿರವೇ ಅವರಿಗೆ ಗುಡಿಸಲು ಕಟ್ಟಿಸಿಕೊಟ್ಟರು. ತಮ್ಮ ಕೈಯಿಂದಲೇ ಅವರ ಮೈಗೆ ಎಣ್ಣೆ ತಿಕ್ಕಿದರು. ಆ ಸೇವೆಯ ಛಾಯಾಚಿತ್ರವನ್ನು ಅನೇಕರು ನೋಡಿರಬಹುದು. ಶಾಸ್ತ್ರಿಗಳು 1945ರಲ್ಲಿ ತೀರಿಕೊಂಡರು. ಏಳು ವರ್ಷಗಳ ಹಿಂದೆ ಕಾಗದದ ಮೇಲೆ ಮಾತ್ರ ಸಾಧ್ಯವಾಗಿದ್ದ ಸೇವೆ ಹೊರಗೆ ಬಂದಮೇಲೆ ಕೈಗೆ ಬಂತು. ಜೈಲಿನ ವ್ಯವಸ್ಥೆ ಕೈದಿಯ ಕೈಯಲ್ಲಿ ಯಾವುದನ್ನು ನಂಬುತ್ತಿತ್ತು, ಯಾವುದನ್ನು ನಂಬುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಈಗ ಮಂಡೇಲ ಅವರ ಮಾತು. ರಾಬೆನ್ ದ್ವೀಪದ ಜೈಲಿನಲ್ಲಿ ಅವರ ಜೊತೆಗಿದ್ದ ಎಡ್ಡಿ ಡೇನಿಯಲ್ಸ್ 1964ರಿಂದ 1979ರವರೆಗೆ ಹದಿನೈದು ವರ್ಷಗಳ ಪೂರ್ಣ ಶಿಕ್ಷೆಯನ್ನು ಅಲ್ಲಿ ಕಳೆದವರು. ಮಂಡೇಲ ಅವರ ಪಕ್ಷಕ್ಕೆ ಸೇರಿದವರೂ ಅಲ್ಲ. ಆ ಕೋಣೆಗಳಲ್ಲಿ ಶೌಚಾಲಯವಿರಲಿಲ್ಲ. ಪ್ರತಿಯೊಬ್ಬ ಕೈದಿಗೂ ಒಂದು ಬಕೆಟ್ಟು. ಬೆಳಗ್ಗೆ ಎದ್ದು ತನ್ನ ಬಕೆಟ್ಟನ್ನು ತಾನೇ ತೊಳೆಯಬೇಕು. ಡೇನಿಯಲ್ಸ್ ಕಾಯಿಲೆ ಬಿದ್ದು ಏಳಲಾರದೆ ಮಲಗಿದ್ದಾಗ, ಮಂಡೇಲ ತಮ್ಮ ಬಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದು, ಇವರ ಬಕೆಟ್ಟನ್ನೂ ಎತ್ತಿಕೊಂಡು ಹೋಗಿ ತೊಳೆದು ತಂದಿಟ್ಟರು. ಡೇನಿಯಲ್ಸ್ ತಮ್ಮ ನೆನಪುಗಳಲ್ಲಿ ಇದನ್ನು ಬಹಳ ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ದೊಡ್ಡ ಸಂಘಟನೆಯ ನಾಯಕನು ಬೇರೊಬ್ಬನನ್ನು ಆ ಕೆಲಸಕ್ಕೆ ಕಳುಹಿಸಬಹುದಿತ್ತು. ಕಳುಹಿಸದೆ ತಾನೇ ಬಂದನೆಂಬುದೇ ಆ ನೆನಪಿನ ತಿರುಳು.

ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನ ಒಂದು ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರ ನೆನಪಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿದರು. ಅವರಿಗೆ ತೀವ್ರವಾದ ಉಬ್ಬಸ. ಸುಮಾರು ಎಂಟು ತಿಂಗಳು ಅವರು ಒಳಗಿದ್ದರು. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನೀರವದಲ್ಲಿ ಅವರ ಕೋಣೆಯಿಂದ ಬರುತ್ತಿದ್ದ ಚೀತ್ಕಾರ ತಮಗೆ ಕೇಳಿಸುತ್ತಿತ್ತೆಂದು ಬರೆದಿದ್ದಾರೆ. ಸ್ವತಃ ನೆರವು ಬೇಕಾಗಿದ್ದ ಈ ಹೆಣ್ಣುಮಗಳು ಸುತ್ತಲಿದ್ದ ಬಡ ಮಹಿಳಾ ಕೈದಿಗಳ ಪರವಾಗಿ ನಿಂತರು. ಅವರನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ಒಳ್ಳೆಯ ಊಟಕ್ಕಾಗಿ ಹಟ ಹಿಡಿದರು. ಹಾಡು, ಆಟ, ನಾಟಕಗಳನ್ನು ಕಲಿಸಿದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು. ನೆರವು ನೀಡುವವರು ಗಟ್ಟಿಮುಟ್ಟಾಗಿರಬೇಕು, ಪಡೆಯುವವರು ದುರ್ಬಲರಾಗಿರಬೇಕು ಎಂಬ ನಮ್ಮ ಸಾಮಾನ್ಯ ಕಲ್ಪನೆಯನ್ನು ಈ ಬಾಳು ಅಲ್ಲಗಳೆಯುತ್ತದೆ.

ಇವೆಲ್ಲ ವ್ಯಕ್ತಿಗಳ ಒಳ್ಳೆಯತನದ ಕಥೆಗಳು. ಅವು ವ್ಯವಸ್ಥೆಯಾಗಿ ಬೆಳೆದದ್ದು ಈಚಿನ ನಾಲ್ಕು ದಶಕಗಳಲ್ಲಿ, ಅದೂ ಅಮೆರಿಕದಲ್ಲಿ. ಕಾರಣವನ್ನು ಕರುಣೆಯಲ್ಲಿ ಹುಡುಕಿದರೆ ಸಿಗದು, ಅದು ಅಂಕಗಣಿತದಲ್ಲಿದೆ. ಆ ದೇಶದಲ್ಲಿ 1980ರ ಸುಮಾರಿನಿಂದ ಶಿಕ್ಷೆಗಳು ಉದ್ದವಾಗುತ್ತ ಹೋದವು. ಯೌವನದಲ್ಲಿ ಒಳಗೆ ಹೋದವರು ಅಲ್ಲಿಯೇ ಮುದುಕರಾದರು. ಏಡ್ಸ್ ರೋಗ ಬಂದಿತು. ಜೈಲುಗಳಲ್ಲಿ ಸಾಯುವವರ ಸಂಖ್ಯೆ ಏರಿತು. 1987ರಲ್ಲಿ ಮಿಸೌರಿ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನ ಸೆರೆಮನೆ ಆಸ್ಪತ್ರೆಯಲ್ಲಿ ಸಾವಿನಂಚಿನ ಕೈದಿಗಳ ಆರೈಕೆಗೆ ಒಂದು ಕ್ರಮಬದ್ಧ ಏರ್ಪಾಡು ಆರಂಭವಾಯಿತು. ಅದರಲ್ಲಿ ತೊಡಗಿಕೊಂಡ ಫ್ಲೀಟ್ ಮಾಲ್ ಎಂಬಾತ ಮಾದಕ ವಸ್ತುಗಳ ಅಪರಾಧಕ್ಕಾಗಿ ಸ್ವತಃ ಶಿಕ್ಷೆ ಅನುಭವಿಸುತ್ತಿದ್ದವನು. 1991ರಲ್ಲಿ, ಇನ್ನೂ ಒಳಗಿರುವಾಗಲೇ, ಇಂಥ ಆರೈಕೆಯನ್ನು ದೇಶದ ಇತರ ಜೈಲುಗಳಿಗೂ ಹಬ್ಬಿಸಲು ಒಂದು ಸಂಘವನ್ನು ಕಟ್ಟಿದ.

ಲೂಸಿಯಾನ ಸಂಸ್ಥಾನದ ಅಂಗೋಲ ಎಂಬ ಜೈಲಿನ ಉದಾಹರಣೆ ಇನ್ನೂ ಮನಮುಟ್ಟುವಂಥದು. ಹದಿನೆಂಟು ಸಾವಿರ ಎಕರೆಯ ಆ ನೆಲ ಹಿಂದೆ ಗುಲಾಮರು ದುಡಿಯುತ್ತಿದ್ದ ತೋಟ. ಆಫ್ರಿಕಾದ ಅಂಗೋಲದ ಹೆಸರೇ ಅದಕ್ಕೆ ಅಂಟಿಕೊಂಡಿತು. ಅಲ್ಲಿನ ಕೈದಿಗಳಲ್ಲಿ ಹೆಚ್ಚಿನವರು ಜೀವಾವಧಿ ಶಿಕ್ಷೆಯವರು. ಆ ಸಂಸ್ಥಾನದಲ್ಲಿ ಜೀವಾವಧಿಯೆಂದರೆ ಸಾಯುವವರೆಗೆ. 1998ರಲ್ಲಿ ಅಲ್ಲಿ ಅಂತ್ಯಕಾಲದ ಶುಶ್ರೂಷಾಗೃಹವೊಂದು ತೆರೆಯಿತು. ತಾವಾಗಿಯೇ ಮುಂದೆ ಬಂದ ಕೈದಿಗಳಿಗೆ ತರಬೇತಿ ಕೊಟ್ಟು ಸಾಯುವವರ ಬಳಿ ಕೂರಿಸಿದರು. ಊಟ ಮಾಡಿಸುವುದು, ಮಗ್ಗುಲು ಹೊರಳಿಸುವುದು, ಕಾಗದ ಓದಿ ಹೇಳುವುದು ಇವು ಅವರ ಕೆಲಸ. ಕೊನೆಗಳಿಗೆ ಹತ್ತಿರವಾದಾಗ ಹಗಲೂ ರಾತ್ರಿಯೂ ಸರದಿಯ ಮೇಲೆ ಒಬ್ಬರಲ್ಲ ಒಬ್ಬರು ಪಕ್ಕದಲ್ಲಿರುತ್ತಾರೆ. ಯಾರೂ ಒಂಟಿಯಾಗಿ ಸಾಯಕೂಡದೆಂಬುದು ಅವರ ವ್ರತ. ಶವಪೆಟ್ಟಿಗೆಯನ್ನೂ ಕೈದಿಗಳೇ ಮಾಡುತ್ತಾರೆ. ಪ್ರಸಿದ್ಧ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರನ್ನು 2018ರಲ್ಲಿ ಮಣ್ಣು ಮಾಡಿದ್ದು ಅಂಗೋಲದ ಕೈದಿಗಳು ಮಾಡಿದ ಸಾದಾ ಮರದ ಪೆಟ್ಟಿಗೆಯಲ್ಲಿಯೇ.

ಮೂರನೆಯ ಉದಾಹರಣೆ ಕ್ಯಾಲಿಫೋರ್ನಿಯದ್ದು. ಅಲ್ಲಿನ ಸ್ಯಾನ್ ಲೂಯಿ ಒಬಿಸ್ಪೊ ಪಟ್ಟಣದ ಜೈಲಿನಲ್ಲಿ 2009ರಲ್ಲಿ ಮರೆವಿನ ರೋಗಕ್ಕೆ ತುತ್ತಾದ ಮುದಿ ಕೈದಿಗಳ ನೆರವಿಗೆ ಇತರ ಕೈದಿಗಳನ್ನು ಆರಿಸಿದರು. ಉಳಿದ ಕೈದಿಗಳಿಗೆ ನೀಲಿ ಬಟ್ಟೆ. ಇವರಿಗೆ ಹಳದಿ ಅಂಗಿ. 'ಚಿನ್ನದಂಗಿಯವರು' ಎಂದೇ ಇವರಿಗೆ ಹೆಸರಾಯಿತು. ಇವರಲ್ಲಿ ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿದ್ದವರೂ ಇದ್ದರು. ಆಲ್‌ಜೈಮರ್ ರೋಗಿಗಳಿಗಾಗಿ ದುಡಿಯುವ ಒಂದು ಸಂಸ್ಥೆ ಇವರಿಗೆ ತರಬೇತಿ ಕೊಟ್ಟಿತು. ಮರೆವು ಹತ್ತಿದವನಿಗೆ ಜೈಲು ಎಷ್ಟು ಅಪಾಯಕರವೆಂಬುದನ್ನು ನಾವು ಊಹಿಸಬೇಕು. ಅವನು ಬೇರೆಯವನ ಕೋಣೆಯನ್ನು ತನ್ನದೆಂದು ಹೊಕ್ಕುಬಿಡುತ್ತಾನೆ; ಸಾಲಿನಲ್ಲಿ ತಪ್ಪು ಜಾಗದಲ್ಲಿ ನಿಲ್ಲುತ್ತಾನೆ; ಅಧಿಕಾರಿ ಕೂಗಿದ ಆಜ್ಞೆ ಅವನಿಗೆ ಅರ್ಥವಾಗುವುದಿಲ್ಲ. ಹೊರಗಡೆ ಮರೆವಾಗಿ ಕಾಣುವುದು ಒಳಗೆ ಅಪರಾಧವಾಗಿ ಕಾಣುತ್ತದೆ. ಹಳದಿ ಅಂಗಿಯವನು ಅವನಿಗೆ ಸ್ನಾನ ಮಾಡಿಸುತ್ತಾನೆ, ಕ್ಷೌರ ಮಾಡುತ್ತಾನೆ, ಒದ್ದೆಯಾದ ಬಟ್ಟೆ ಬದಲಿಸುತ್ತಾನೆ, ಊಟದ ಸಾಲಿನಲ್ಲಿ ಅವನನ್ನು ಪುಂಡರಿಂದ ಕಾಪಾಡುತ್ತಾನೆ. 2012ರ ಸುಮಾರಿನಲ್ಲಿ ಇದಕ್ಕೆ ಸಿಗುತ್ತಿದ್ದ ವೇತನ ತಿಂಗಳಿಗೆ 50 ಡಾಲರ್.

ಇಲ್ಲಿಯೇ ಒಂದು ತೊಡಕು ತಲೆಯೆತ್ತುತ್ತದೆ. ನ್ಯೂಯಾರ್ಕ್ ಸಂಸ್ಥಾನದ ಫಿಶ್‌ಕಿಲ್ ಜೈಲಿನಲ್ಲಿ 2006ರಲ್ಲಿ ಇಂಥ ರೋಗಿಗಳಿಗಾಗಿಯೇ 30 ಹಾಸಿಗೆಗಳ ವಿಭಾಗವೊಂದನ್ನು ತೆರೆದು, ಸಂಬಳದ ದಾದಿಯರನ್ನು ನೇಮಿಸಿದರು. ಅಲ್ಲಿ ಒಂದು ಹಾಸಿಗೆಗೆ ವರ್ಷಕ್ಕೆ ಸುಮಾರು 93 ಸಾವಿರ ಡಾಲರ್ ಖರ್ಚು. ಸಾಮಾನ್ಯ ಕೈದಿಯೊಬ್ಬನ ಖರ್ಚು ಆಗ 41 ಸಾವಿರ. ಈ ಅಂಕಿಗಳ ಪಕ್ಕದಲ್ಲಿ ತಿಂಗಳ 50 ಡಾಲರನ್ನು ಇಟ್ಟು ನೋಡಿದರೆ, ಕೈದಿಯ ಕರುಣೆ ಸರ್ಕಾರಕ್ಕೆ ಎಷ್ಟು ಅಗ್ಗವೆಂಬುದು ಹೊಳೆಯುತ್ತದೆ. ಸಿಂಗಪುರದ ಮೇಸ್ತ್ರಿಯನ್ನು ಹುಟ್ಟಿಸಿದ್ದೂ ಇದೇ ಮಿತವ್ಯಯ. ಹಾಗಾದರೆ ಕೈದಿಯ ಶುಶ್ರೂಷೆಯೂ ಹಳೆಯ ಕಾವಲಿನ ಹೊಸ ವೇಷವಲ್ಲವೆ? ಕೈಲಾಗದವನಿಗೆ ಉಣ್ಣಿಸುವವನ ಕೈಯಲ್ಲಿ ಅವನನ್ನು ಹಸಿವಿನಿಂದ ಇರಿಸುವ ಶಕ್ತಿಯೂ ಇರುತ್ತದಲ್ಲವೆ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನವರು ಇದಕ್ಕೆ ಕಂಡುಕೊಂಡ ದಾರಿಯಲ್ಲಿ ವಿವೇಕವಿದೆ. ಅಲ್ಲಿ 2014ರ ಆರೈಕೆ ಕಾಯಿದೆಯಂತೆ, 2015ರಿಂದ ಜೈಲಿನೊಳಗಿನ ಅಶಕ್ತರ ಹೊಣೆ ಸ್ಥಳೀಯ ಆಡಳಿತಕ್ಕೆ ಸೇರಿತು. ಅದೇ ವರ್ಷ ಹೊರಟ ಸೂಚನೆಯೊಂದು, ಕೈದಿ ಕೈದಿಗೆ ಏನನ್ನು ಮಾಡಬಹುದು, ಏನನ್ನು ಮಾಡಕೂಡದು ಎಂದು ಗೆರೆ ಎಳೆಯಿತು. ಗಾಲಿಕುರ್ಚಿಯನ್ನು ತಳ್ಳಬಹುದು, ಊಟ ತಂದುಕೊಡಬಹುದು, ಕೋಣೆ ಗುಡಿಸಬಹುದು. ಮೈಮುಟ್ಟಿ ಮಾಡುವ ಖಾಸಗಿ ಶುಚಿಕಾರ್ಯ ಮಾತ್ರ ತರಬೇತಾದ ನೌಕರರದೇ. ಕ್ಯಾಲಿಫೋರ್ನಿಯದವರು ದಾಟಿದ ಗೆರೆಯನ್ನು ಇವರು ದಾಟಲಿಲ್ಲ. ಯಾರು ಸರಿಯೆಂಬುದಕ್ಕಿಂತ, ಇಂಥ ಗೆರೆಯೊಂದು ಇರಬೇಕೆಂದು ಒಪ್ಪಿಕೊಂಡದ್ದು ಮುಖ್ಯ.

ನಮ್ಮ ದೇಶದ ಸ್ಥಿತಿಯನ್ನು ನೋಡಿದರೆ, ಗೆರೆ ಎಳೆಯುವ ಮಾತು ಇರಲಿ, ವಿಷಯವೇ ಇತ್ತೀಚೆಗೆ ನ್ಯಾಯಾಲಯಗಳ ಕಣ್ಣಿಗೆ ಬೀಳುತ್ತಿದೆ. ಪಾದ್ರಿ ಸ್ಟ್ಯಾನ್ ಸ್ವಾಮಿಯವರು 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅನಂತರ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ, ಬಂಧಿತರಾಗಿ ಮುಂಬಯಿಯ ಬಳಿಯ ತಳೋಜಾ ಜೈಲನ್ನು ಸೇರಿದರು. ಪಾರ್ಕಿನ್‌ಸನ್ ರೋಗದಿಂದ ಕೈ ನಡುಗುತ್ತಿದ್ದುದರಿಂದ ಲೋಟ ಹಿಡಿಯಲಾರದೆ, ಹೀರುಕೊಳವೆಗಾಗಿ ನ್ಯಾಯಾಲಯದ ಮೊರೆಹೋದ ಸುದ್ದಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅವರು ಒಳಗಿನಿಂದ ಬರೆದ ಒಂದು ಕಾಗದ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಅರುಣ್ ಫೆರೇರಾ ನೆರವಾಗುತ್ತಾರೆ, ಸ್ನಾನಕ್ಕೆ ವರ್ನನ್ ಗೊನ್ಸಾಲ್ವಿಸ್ ಎಂದು ಅದರಲ್ಲಿ ತಿಳಿಸಿದ್ದಾರೆ. ಆ ಇಬ್ಬರೂ ಅದೇ ಪ್ರಕರಣದ ಆರೋಪಿಗಳು. ಜೊತೆಗೆ ಕೋಣೆಯ ಸಂಗಾತಿಗಳಾದ ಇನ್ನಿಬ್ಬರು ಕೈದಿಗಳು ರಾತ್ರಿಯ ಊಟಕ್ಕೆ ಸಹಾಯ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಮೊಣಕಾಲಿನ ಕೀಲುಗಳನ್ನು ತಿಕ್ಕುತ್ತಾರೆ. ಅವರು ತೀರ ಬಡ ಮನೆಗಳವರು ಎಂದೂ ಬರೆದಿದ್ದಾರೆ. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, ಸ್ವಾಮಿಯವರು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪವನ್ನು ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಆ ಇಬ್ಬರು ಹೆಸರಿಲ್ಲದ ಬಡವರು ಮಾಡಿದ ಕೆಲಸವನ್ನು ಕುರಿತು ಎರಡು ಅಭಿಪ್ರಾಯ ಇರಲಾರದು.

ಆದರೆ ಅವರಿಗೆ ಆ ಕೆಲಸವನ್ನು ಯಾರೂ ಕಲಿಸಿರಲಿಲ್ಲ. ಅದು ಆಕಸ್ಮಿಕವಾಗಿ ಒದಗಿಬಂದ ಸಾಂಗತ್ಯ. ಪಕ್ಕದಲ್ಲಿ ಒಳ್ಳೆಯವರಿಲ್ಲದ ಅಶಕ್ತ ಕೈದಿಯ ಗತಿಯೇನು? 2025ರ ಜುಲೈನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿನ ಪ್ರಕರಣವೊಂದರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಸ್ನಾಯುಗಳು ಕ್ಷೀಣಿಸುವ ರೋಗವುಳ್ಳ ಒಬ್ಬ ಕೈದಿಯ ಮೊರೆ ಅದು. ಅಂಗವಿಕಲ ಕೈದಿಗಳನ್ನು ಜೈಲಿಗೆ ಸೇರಿಸಿಕೊಳ್ಳುವಾಗಲೇ ಗುರುತಿಸಬೇಕು, ಅವರಿಗೆ ತಕ್ಕ ಸೌಕರ್ಯಗಳನ್ನೂ ಚಿಕಿತ್ಸೆಯನ್ನೂ ಒದಗಿಸಬೇಕು ಎಂದು ನ್ಯಾಯಾಲಯ ಆಜ್ಞಾಪಿಸಿತು. ಅದಕ್ಕೂ ಮೊದಲು, 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ, ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಅದೇ ನ್ಯಾಯಾಲಯ ಅಸಂವಿಧಾನಿಕವೆಂದು ಸಾರಿತ್ತು. ಅಡುಗೆ ಒಂದು ಜಾತಿಗೆ, ಕಸಬರಿಗೆ ಇನ್ನೊಂದು ಜಾತಿಗೆ ಎಂಬ ನಿಯಮ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿತ್ತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ. ರೋಗಿಯ ಸೇವೆಯೆಂದರೆ ಮಲಮೂತ್ರದ ಸೇವೆಯೂ ಹೌದು. ಅದನ್ನು ಹುಟ್ಟು ನೋಡಿ ಹೊರಿಸಿದರೆ ಅದು ಹಳೆಯ ಪಾಪವೇ ಸರಿ. ಶುಶ್ರೂಷೆ ಎಂಬ ಹೆಸರು ಅದನ್ನು ತೊಳೆಯಲಾರದು. ಮಂಡೇಲ ಅವರು ಎತ್ತಿದ ಬಕೆಟ್ಟನ್ನು ಯಾರೂ ಅವರ ತಲೆಯ ಮೇಲೆ ಹೊರಿಸಿರಲಿಲ್ಲ. ಅದರ ಬೆಲೆಯೆಲ್ಲ ಅಲ್ಲಿದೆ. ಹನ್ನೆರಡನೆಯ ಶತಮಾನದ ನಮ್ಮ ಶರಣರು ಕಾಯಕವೆಂದು ಕರೆದದ್ದೂ ಮನಸ್ಸು ಒಪ್ಪಿ ಮಾಡಿದ ದುಡಿಮೆಯನ್ನೇ.

ಆದ್ದರಿಂದ ಈ ಇತಿಹಾಸದಿಂದ ಕಲಿಯಬೇಕಾದ್ದು ಸರಳವಾಗಿದೆ. ಕೈದಿಗೆ ಕೈದಿಯ ಶುಶ್ರೂಷೆಯನ್ನು ಒಪ್ಪಿಸಬಹುದು; ಆದರೆ ಅವನು ತಾನಾಗಿ ಬಂದವನಾಗಿರಬೇಕು, ಅವನಿಗೆ ಆ ವಿದ್ಯೆಯನ್ನು ಕಲಿಸಬೇಕು, ದುಡಿಮೆಗೆ ತಕ್ಕ ಕೂಲಿ ಕೊಡಬೇಕು, ಅಶಕ್ತನ ಮೇಲೆ ಅಧಿಕಾರವನ್ನು ಮಾತ್ರ ಕೊಡಬಾರದು. ಅವನ ಕೈಯನ್ನು ತೋರಿಸಿ ಸರ್ಕಾರ ತನ್ನ ಕೈ ತೊಳೆದುಕೊಳ್ಳಕೂಡದು. ಇಷ್ಟಾದರೆ ಲಾಭ ರೋಗಿಗೆ ಮಾತ್ರವಲ್ಲ. ಒಮ್ಮೆ ಒಂದು ಜೀವವನ್ನು ತೆಗೆದ ಕೈ ಇನ್ನೊಂದು ಜೀವದ ಬಾಯಿಗೆ ತುತ್ತು ಇಡುವಾಗ, ಯಾವ ಶಿಕ್ಷೆಯಿಂದಲೂ ಕಲಿಯಲಾಗದ ಒಂದನ್ನು ಕಲಿಯುತ್ತದೆ. ತಪ್ಪನ್ನು ಅದು ಅಳಿಸುವುದಿಲ್ಲ. ಆದರೆ ತಪ್ಪು ಮಾಡಿದವನಲ್ಲಿ ಇನ್ನೂ ಏನು ಉಳಿದಿದೆ ಎಂಬುದನ್ನು ಅವನಿಗೂ ನಮಗೂ ತೋರಿಸುತ್ತದೆ.

ಕಾಯಿದೆಯ ಪುಸ್ತಕ ನೂರು ವರ್ಷಕ್ಕೂ ಹೆಚ್ಚು ಕಾಲ ಕಾವಲಿನ ಕೈದಿಯನ್ನು ಮಾತ್ರ ಬಲ್ಲದಾಗಿತ್ತು. ಕಾಪಾಡಿದ ಕೈದಿ ಉಳಿದದ್ದು ಕೃತಜ್ಞರ ಬರಹದಲ್ಲಿ: ಡೇನಿಯಲ್ಸ್ ಅವರ ನೆನಪಿನಲ್ಲಿ, ಸ್ವಾಮಿಯವರ ಕಾಗದದಲ್ಲಿ. ಸಾಹಿತ್ಯವನ್ನು ಪ್ರೀತಿಸುವವರು ಸೆರೆಮನೆಯ ಬರಹಗಳನ್ನು ಓದುವಾಗ ವೀರರ ಮಾತುಗಳ ನಡುವೆ ಇಂಥ ಸಾಲುಗಳನ್ನೂ ಆರಯ್ಯಬೇಕು. ಆ ಮಾತಿಗಿರುವ ಎರಡು ಅರ್ಥಗಳಲ್ಲಿಯೂ.